ಸಹಾಯ ಬೇಕು: ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಶಿವಮೊಗ್ಗದಲ್ಲಿ ಎಲ್ಲಿ?

ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು. ಒಂಬತ್ತು ವರ್ಷದ ಮಗಳಿಗೆ ಬಹಳ ದಿನದಿಂದ ಹೊಟ್ಟೆನೋವು, ಆಗಾಗ ಭೇದಿ, ತೂಕವೂ ಏರುತ್ತಿಲ್ಲ. ಜಂತುಹುಳದ ಮಾತ್ರೆ, ಅಜ್ಜಿಯ ಓಮದ ಕಷಾಯ ಎಲ್ಲವೂ ಮುಗಿದವು. ಕರುಳಿನಲ್ಲಿ ಉರಿಯೂತ ಇದೆಯೇ ಎಂದು ನೋಡಲು ಡಾಕ್ಟರು ಈ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಉರಿಯೂತವಿದ್ದರೆ ಬಿಳಿ ರಕ್ತಕಣಗಳ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನ್ ಮಲದಲ್ಲಿ ಹೆಚ್ಚುತ್ತದಂತೆ. ಗ್ರಾಂಗೆ 50 ಮೈಕ್ರೋಗ್ರಾಂ ಒಳಗಿದ್ದರೆ ಸಾಮಾನ್ಯವಾಗಿ ಉರಿಯೂತದ ಸಂಭವ ಕಡಿಮೆ. ಸೋಂಕಿನಿಂದಲೂ, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಯಿಂದಲೂ ಏರಬಹುದು. ಮಗುವಿಗೆ ಕೊಲೊನೋಸ್ಕೋಪಿ (ಕ್ಯಾಮೆರಾ ನಳಿಕೆ ಹಾಕಿ ದೊಡ್ಡ ಕರುಳು ನೋಡುವುದು) ಎನ್ನುವ ಮೊದಲು ಇದನ್ನು ಮಾಡಿಸುವುದು ನನಗೂ ಸರಿಯೆನಿಸಿತು.

ಶಿವಮೊಗ್ಗದಲ್ಲಿ ಯಾವ ಲ್ಯಾಬ್ ಸ್ಯಾಂಪಲ್ ತೆಗೆದುಕೊಳ್ಳುತ್ತದೆ, ಎಷ್ಟಾಗುತ್ತದೆ? ಬೆಳಗಿನ ಬಸ್ಸಿನಲ್ಲಿ ಡಬ್ಬಿ ಒಯ್ದರೆ ಸಾಕೇ, ಐಸ್ ಇಡಬೇಕೇ? ಮಕ್ಕಳ ಕರುಳಿನ ತಜ್ಞರು ಇಲ್ಲಿಗೇ ಬರುತ್ತಾರೆಯೇ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೇ ಹೋಗಬೇಕೇ? ಮಾಡಿಸಿದವರು ದಯವಿಟ್ಟು ತಿಳಿಸಿ. ಮನೆಮದ್ದಿನ ಸಲಹೆ ಬೇಡ.