ಸಹಾಯ ಬೇಕು: ನಮ್ಮ ಪಿಓಎಸ್ (ಬಿಲ್ಲಿಂಗ್ ಸಾಫ್ಟ್‌ವೇರ್) ಡೇಟಾ ಫ್ರಾಂಚೈಸರ್‌ಗೆ (ಬ್ರ್ಯಾಂಡ್ ಕೊಟ್ಟ ಕಂಪನಿಗೆ) ಎಷ್ಟು ಕಾಣಬೇಕು?

ಎಲ್ಲರಿಗೂ ನಮಸ್ಕಾರ. ಒಂದು ಬ್ರ್ಯಾಂಡಿನ ರೆಸ್ಟೋರೆಂಟ್ ಫ್ರಾಂಚೈಸಿ ನಡೆಸುತ್ತಿದ್ದೇನೆ. ಈಗ ಒಪ್ಪಂದ ನವೀಕರಣಕ್ಕೆ ಬಂದಿದೆ. ಹೊಸ ಕರಡಿನಲ್ಲಿ ಒಂದು ಸಾಲು ಸೇರಿಸಿದ್ದಾರೆ: ಪಿಓಎಸ್‌ನಲ್ಲಿರುವ ಎಲ್ಲಾ ಮಾಹಿತಿಯನ್ನು ಕಂಪನಿ ಯಾವಾಗ ಬೇಕಾದರೂ, ಮೊದಲೇ ತಿಳಿಸದೆ ನೋಡಬಹುದು, ಬಳಸಬಹುದು.

ನಾವು ಕಂಪನಿಗೆ ರಾಯಲ್ಟಿ (ಬ್ರ್ಯಾಂಡ್ ಬಳಸುವುದಕ್ಕೆ ಕೊಡುವ ಪಾಲು) ಕೊಡುವುದು ಒಟ್ಟು ಮಾರಾಟದ ಮೇಲೆ. ಹಾಗಾಗಿ ದಿನದ ಮಾರಾಟ, ಕ್ಯಾನ್ಸಲ್ ಆದ ಬಿಲ್, ಡಿಸ್ಕೌಂಟ್, ರೀಫಂಡ್ ಅವರಿಗೆ ಕಾಣಲಿ, ತಕರಾರಿಲ್ಲ. ದುಡ್ಡು ಇಸ್ಕೊಂಡ ಮೇಲೆ ಬಿಲ್ ಅಳಿಸುವವರೂ ಇರ್ತಾರೆ, ಕಂಪನಿಯವರ ಅನುಮಾನ ಸುಮ್ನೆ ಅಲ್ಲ. ಆದರೆ ಅದೇ ಸಾಫ್ಟ್‌ವೇರ್‌ನಲ್ಲಿ ಸಿಬ್ಬಂದಿಯ ಹಾಜರಿ, ನಾವು ಸಾಮಾನು ಕೊಳ್ಳುವ ದರ, ಗ್ರಾಹಕರ ಫೋನ್ ನಂಬರ್ ಎಲ್ಲವೂ ಇದೆ. ರಾಯಲ್ಟಿ ಲೆಕ್ಕಕ್ಕೆ ಇವೆಲ್ಲ ಯಾಕೆ? ಯಾವ ಹೊತ್ತಿನಲ್ಲಿ ಎಷ್ಟು ವ್ಯಾಪಾರ ಅಂತ ನೋಡಿಕೊಂಡು ಹತ್ತಿರದಲ್ಲೇ ತಮ್ಮದೇ ಔಟ್‌ಲೆಟ್ ತೆರೆದರೆ ನಾನೇನು ಮಾಡಲಿ?

ಇಂಥ ಒಪ್ಪಂದಕ್ಕೆ ಸಹಿ ಹಾಕಿದವರು ದಯವಿಟ್ಟು ಹೇಳಿ. ನೋಡಲು ಮಾತ್ರ ಅವಕಾಶ, ಬದಲಾಯಿಸಲು ಇಲ್ಲ ಅಂತ ಬರೆಸಿಕೊಳ್ಳಲು ಆಯಿತಾ? ಅವರು ಹೊರಗಿನಿಂದಲೇ ಮೆನು ದರ ಬದಲಾಯಿಸಿದ್ದು ಉಂಟಾ? ಯಾರು ಯಾವಾಗ ಲಾಗಿನ್ ಆದರು ಎಂಬ ದಾಖಲೆ ನಿಮಗೆ ಸಿಗುತ್ತಾ? ಎಲ್ಲಕ್ಕಿಂತ ಮುಖ್ಯ, ಒಪ್ಪಂದ ಮುಗಿದ ಮೇಲೆ ಗ್ರಾಹಕರ ಪಟ್ಟಿ ಯಾರ ಪಾಲು?

ವಕೀಲರ ಹತ್ತಿರ ಹೋಗುವವನಿದ್ದೇನೆ. ನಿಮ್ಮ ಒಪ್ಪಂದದಲ್ಲಿ ಡೇಟಾ ಬಗ್ಗೆ ಇರುವ ಸಾಲನ್ನು ಹೆಸರು ತೆಗೆದು ಇಲ್ಲಿ ಹಾಕಿದರೆ ಅವರಿಗೆ ತೋರಿಸುತ್ತೇನೆ. ಸಹಿ ಹಾಕಲು ಕಂಪನಿಯವರು ಆಗಲೇ ಅವಸರ ಮಾಡುತ್ತಿದ್ದಾರೆ.