‘ಕರಿ ಗೆದ್ದಿತು’ ಅಂದರೆ ಯಾರು ಗೆದ್ದದ್ದು?

ಎಲ್ಲರಿಗೂ ನಮಸ್ಕಾರ, ಕಲಬುರಗಿಯಿಂದ ಒಂದು ಪ್ರಶ್ನೆ.

ನಮ್ಮ ಓಣಿಯ ಹುಡುಗರಿಗೆ ಚೆಸ್ ಹೇಳಿಕೊಡುತ್ತೇನೆ. ಅವರಿಗಾಗಿ ಒಂದು ಆಟವನ್ನು ಕನ್ನಡದಲ್ಲಿ ಬರೆಯೋಣ ಅಂತ ಕೂತೆ. 2024ರ ಡಿಸೆಂಬರ್ 12, ಸಿಂಗಪುರ, ವಿಶ್ವ ಚಾಂಪಿಯನ್‌ಷಿಪ್‌ನ 14ನೆಯ ಆಟ. ಡಿಂಗ್ ಲಿರೆನ್ ಬಿಳಿ, ಗುಕೇಶ್ ಕರಿ. ಇನ್ನೇನು ಡ್ರಾ ಅನ್ನುವಾಗ ಡಿಂಗ್ 55ನೆಯ ನಡೆಯಲ್ಲಿ ಆನೆಯನ್ನು ತಪ್ಪು ಮನೆಗೆ ತಂದರು. ಆನೆಗೆ ಆನೆ ಹೋಯಿತು, ಒಂಟೆಗೆ ಒಂಟೆ ಹೋಯಿತು, ಕೊನೆಗೆ ಬರೀ ರಾಜರು, ಪ್ಯಾದೆಗಳು, ಅದರಲ್ಲಿ ಗುಕೇಶ್ ಕಡೆ ಒಂದು ಪ್ಯಾದೆ ಜಾಸ್ತಿ. 58 ನಡೆಗೆ ಆಟ ಮುಗಿಯಿತು. ‘ಕರಿ ಗೆದ್ದಿತು’ ಅಂತ ಬರೆದೆ.

ಪಕ್ಕದ ಮನೆಯ ನಿವೃತ್ತ ಕನ್ನಡ ಮಾಸ್ತರರು ಓದಿ, ‘ಯಾವ ಆನೆ ಗೆದ್ದಿತಪ್ಪಾ?’ ಅಂದರು. ಹಳೆಯ ಕಾವ್ಯದಲ್ಲಿ ಕರಿ ಅಂದರೆ ಆನೆ, ಅಲ್ವಾ! ಅದೂ ಆನೆಯ ಕತೆ ಹೇಳಿ ಮುಗಿಸಿದ ಮೇಲೆ ಬಂದ ಮಾತು. ಸಾಲದ್ದಕ್ಕೆ ನಮ್ಮ ಕಡೆ ಕಾರಹುಣ್ಣಿಮೆಗೆ ಎತ್ತುಗಳು ಕರಿ ಹರಿಯುತ್ತವೆ, ಹಬ್ಬದ ಮರುದಿನವೂ ಕರಿಯೇ.

ಹಾಗಾದರೆ ‘ಕಪ್ಪು ಗೆದ್ದಿತು’ ಅನ್ನಬಹುದು. ತಪ್ಪಿಲ್ಲ, ಆದರೆ ಇಲ್ಲಿ ಬೋರ್ಡಿನ ಮುಂದೆ ಕೂತ ಯಾರ ಬಾಯಲ್ಲೂ ನಾನು ಅದನ್ನು ಕೇಳಿಲ್ಲ. ‘ಕಪ್ಪು ಕಾಯಿಗಳೊಂದಿಗೆ ಆಡಿದ’ ಅನ್ನುವುದಂತೂ ನನಗೆ ಸೇರುವುದೇ ಇಲ್ಲ, ಕಾಯಿಗಳನ್ನು ಜೊತೆಗೆ ಕರೆದುಕೊಂಡು ಎಲ್ಲೋ ಆಡಲು ಹೋದ ಹಾಗೆ ಕೇಳಿಸುತ್ತದೆ. ನಮ್ಮ ಹುಡುಗರು ಸುಮ್ನೆ ‘ನೀ ಕರೀವು ತಗೋ, ನಾ ಬಿಳೀವು ತಗೋತೀನಿ’ ಅನ್ನುತ್ತಾರೆ. ಎಷ್ಟು ಸಲೀಸು ನೋಡಿ, ಕಾಯಿ ಅನ್ನುವ ಮಾತೇ ಬೇಕಿಲ್ಲ.

ಈ ‘ಕರೀವು’ವನ್ನು ಬರಹಕ್ಕೆ ತರುವುದು ಹೇಗೆ? ‘ಕರಿಯವು ಗೆದ್ದವು’ ಅಂದರೆ ವ್ಯಾಕರಣ ಸರಿ, ಆದರೆ ಗೆದ್ದವನು ಒಬ್ಬ ಮನುಷ್ಯ, ಅವನೇ ಕಾಣದಂತಾಗುತ್ತದೆ. ‘ಕರಿಯವನು ಗೆದ್ದ’ ಅಂತ ಬರೆದರೆ ಮೈಬಣ್ಣದ ಮಾತಾಗಿ ಜಗಳಕ್ಕೆ ದಾರಿ. ಸದ್ಯಕ್ಕೆ ‘ಕರಿಕಾಯಿ ಹಿಡಿದ ಗುಕೇಶ್ ಗೆದ್ದರು’ ಅಂತ ತಿದ್ದಿದ್ದೇನೆ. ಆದರೆ ಪ್ರತಿ ನಡೆಗೂ ‘ಕರಿಕಾಯಿ ಹಿಡಿದವರು’ ಅಂತ ಬರೆಯುತ್ತಾ ಕೂತರೆ ಆಟಕ್ಕಿಂತ ಬರಹವೇ ಉದ್ದವಾಗುತ್ತದೆ.

ಬೀದರ್, ಯಾದಗಿರಿ ಕಡೆಯವರು ಆಡುವಾಗ ಏನನ್ನುತ್ತೀರಿ? ಶತರಂಜ್ ಆಡುವ ಹಿರಿಯರು ಮನೆಯಲ್ಲಿದ್ದರೆ ಅವರನ್ನೂ ಒಂದು ಮಾತು ಕೇಳಿ ಹೇಳಿ.