ಶೀನಣ್ಣನ 5000 ವರ್ಷದ ಊಟ

"ಇವತ್ತಿನಿಂದ ನಮ್ಮನೆಯಲ್ಲಿ ಮೂಲ ಆಹಾರ ಮಾತ್ರ" ಎಂದು ಶೀನಣ್ಣ ಘೋಷಿಸಿದರು. "5000 ವರ್ಷದ ಹಿಂದೆ ಈ ನೆಲದವರು ಏನು ತಿನ್ನುತ್ತಿದ್ದರೋ ಅದು. ಪರದೇಶದ ಕಾಳು ಒಂದೂ ಹೊಸ್ತಿಲು ದಾಟುವ ಹಾಗಿಲ್ಲ."

"ಯಾವ ಗ್ರೂಪಿನಲ್ಲಿ ಬಂತು ಇದು?" ರಾಯರು ಕೇಳಿದರು.

"ಗ್ರೂಪ್ ಅಲ್ಲ ರಾಯರೇ, ಆನ್‌ಲೈನ್ ಶಿಬಿರ. ಫೀಸು ಕಟ್ಟಿದ್ದೇನೆ."

ಫೀಸು ಕಟ್ಟಿದವರ ಜೊತೆ ವಾದ ಮಾಡುವುದು ಕಷ್ಟ. ಮೇಷ್ಟ್ರಿಗೆ ಅಂಥ ಕಷ್ಟ ಇಷ್ಟ.

"ಸಂತೋಷ. ಹಾಗಾದರೆ ಸಾರಿಗೆ ಮೆಣಸಿನಕಾಯಿ ಬೇಡ, ಅಲ್ವಾ?"

"ಯಾಕೆ ಬೇಡ? ಬ್ಯಾಡಗಿದು!"

"ಬ್ಯಾಡಗಿ ನಮ್ಮದೇ. ಮೆಣಸಿನಕಾಯಿ ಮೆಕ್ಸಿಕೋದ್ದು. ಸುಮಾರು 500 ವರ್ಷದ ಹಿಂದೆ ಪೋರ್ಚುಗೀಸರ ಹಡಗು ಬರುವ ತನಕ ಇಲ್ಲಿ ಖಾರಕ್ಕೆ ಕರಿಮೆಣಸು, ಹಿಪ್ಪಲಿ, ಶುಂಠಿಯೇ ಗತಿ. ಟೊಮೇಟೊ, ಆಲೂಗಡ್ಡೆ, ಕಡಲೆಕಾಯಿ, ಮೆಕ್ಕೆಜೋಳ, ಎಲ್ಲ ಅಮೆರಿಕ ಖಂಡದವು."

"ಬಿಟ್ಟೆ!" ಶೀನಣ್ಣ ಉದಾರವಾಗಿ ಕೈ ಬೀಸಿದರು. "ರಾಗಿಮುದ್ದೆ ಇದೆಯಲ್ಲ, ಸಾಕು."

"ರಾಗಿಯ ತವರು ಇಥಿಯೋಪಿಯಾ, ಉಗಾಂಡ ಕಡೆಯ ಬೆಟ್ಟಗಳು."

ಯಾರೂ ಮಾತಾಡಲಿಲ್ಲ. ಕೊನೆಗೆ ಪುಟ್ಟರಾಜುವೇ ಬಾಯಿಬಿಟ್ಟ. "ಮೇಷ್ಟ್ರೇ, ಈ ಮಾತು ಒಂದು ಸಲ ಮಂಡ್ಯಕ್ಕೆ ಬಂದು ಹೇಳಿ."

"ಹೇಳಲ್ಲಪ್ಪ. ವಾಪಸ್ ಬರಬೇಕಲ್ಲ."

"ಜೋಳದ ರೊಟ್ಟಿ?" ಶೀನಣ್ಣನ ದನಿ ಸ್ವಲ್ಪ ಇಳಿದಿತ್ತು.

"ಸುಡಾನ್."

"ಸಜ್ಜೆ?"

"ಮಾಲಿ. ಸಹಾರಾ ಮರುಭೂಮಿಯ ಅಂಚು. ಅಲ್ಲಿ 4500 ವರ್ಷದ ಹಿಂದೆಯೇ ಬೆಳೆಯುತ್ತಿದ್ದರು."

"ನವಣೆ! ನವಣೆ ಸಿರಿಧಾನ್ಯ ಕಣ್ರೀ! ಕೆಜಿಗೆ ಎಷ್ಟು ಕೊಡುತ್ತೇನೆ ಗೊತ್ತಾ?"

"ದುಡ್ಡು ಜಾಸ್ತಿ ಕೊಟ್ಟ ಮಾತ್ರಕ್ಕೆ ಅದಕ್ಕೆ ಪೌರತ್ವ ಸಿಗುತ್ತದಾ? ಅದು ಉತ್ತರ ಚೀನಾದ್ದು."

ಅಡುಗೆಮನೆಯಿಂದ ವಿಶಾಲಾಕ್ಷಮ್ಮ ಕೂಗಿದರು. "ಮೇಷ್ಟ್ರೇ, ಅವರೆಕಾಯಿ ಸುದ್ದಿಗೆ ಮಾತ್ರ ಹೋಗಬೇಡಿ!"

"ಹೋಗಲ್ಲಮ್ಮ."

"ಅಂದರೆ?"

"ಅಂದರೆ, ಅದರ ಕಾಡು ಮೂಲವೂ ಆಫ್ರಿಕಾ."

ಒಳಗೆ ಒಂದು ಪಾತ್ರೆ ಜೋರಾಗಿ ಸದ್ದು ಮಾಡಿತು.

"ಹಾಗಾದರೆ ನಮ್ಮದು ಅಂತ ಏನೂ ಇಲ್ವಾ?" ಶೀನಣ್ಣ ಅಳುವುದೊಂದು ಬಾಕಿ.

"ಯಾಕಿಲ್ಲ? ಹುರುಳಿ, ಹೆಸರು, ಸಾಮೆ, ಕೊರಲೆ. ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡದ ಮೇಲೆ ಹೊಸ ಶಿಲಾಯುಗದವರ ಊರಿತ್ತು. ಅಲ್ಲಿನ ಮಣ್ಣನ್ನು ನೀರಿಗೆ ಹಾಕಿ ಕದಡಿದರೆ ಸುಟ್ಟು ಕರಿಯಾದ ಕಾಳು ಮೇಲೆ ತೇಲುತ್ತದೆ. ಹಾಗೆ ಸೋಸಿ ನೋಡಿದಾಗ ಸಿಕ್ಕವು ಕೊರಲೆ, ಹುರುಳಿ, ಹೆಸರು."

"ಆ ಕಡೆ ಬೂದಿದಿಬ್ಬಗಳೂ ಇವೆಯಲ್ಲ" ಎಂದರು ರಾಯರು. ಅವರಿಗೆ ಊಟಕ್ಕಿಂತ ಪುರಾಣ ಹತ್ತಿರ. "ವಾಲಿಯನ್ನು ಸುಟ್ಟ ಜಾಗ."

"ಅದು ಹಂಪಿ ಹತ್ತಿರದ ನಿಂಬಾಪುರ. ಅಗೆಯುವವರು ಇಂಥ ದಿಬ್ಬ ಅಗೆದರೆ ಸಿಗುವುದು ಸಗಣಿಯ ಬೂದಿ. ದನ ಕೂಡುತ್ತಿದ್ದ ಜಾಗದಲ್ಲಿ ಸಗಣಿ ರಾಶಿ ಹಾಕಿ ಸುಟ್ಟಿದ್ದಾರೆ, ಮತ್ತೆ ಮತ್ತೆ. ಹಬ್ಬಕ್ಕೆ ಸುಟ್ಟಿರಬಹುದು ಎಂದು ಕೆಲವರ ಊಹೆ."

"ಅದು ಬಿಡಿ. ಕಾಡಿನ ಹುಲ್ಲು ಹೊಲದ ಬೆಳೆ ಆಗಿದ್ದು ಹೇಗೆ?" ಪುಟ್ಟರಾಜುವಿನದು ಯಾವಾಗಲೂ ರೈತನ ಪ್ರಶ್ನೆ.

"ಕಾಡು ಹುಲ್ಲಿನ ಕಾಳು ಮಾಗಿದ ಕೂಡಲೇ ಉದುರುತ್ತದೆ. ಉದುರಿದರೇ ಅದರ ವಂಶ ಉಳಿಯುವುದು. ಎಲ್ಲೋ ಒಂದು ತೆನೆಯಲ್ಲಿ ಮಾತ್ರ ಉದುರದೆ ಅಂಟಿಕೊಂಡೇ ಇರುತ್ತದೆ, ಕೆಲಸ ಸಿಕ್ಕರೂ ಮನೆ ಬಿಡದ ಶೀನಣ್ಣನ ಮಗನ ಹಾಗೆ. ಕಾಡಿನಲ್ಲಿ ಅಂಥದ್ದಕ್ಕೆ ಭವಿಷ್ಯ ಇಲ್ಲ. ಆದರೆ ಕುಯ್ಯುವವರ ಕೈಗೆ ಜಾಸ್ತಿ ಸಿಗುವುದು ಅದೇ. ಮನೆಗೆ ಬಂತು, ಮುಂದಿನ ಮಳೆಗೆ ಬಿತ್ತಿದರು. ಮತ್ತೆ ಕುಯ್ದರು, ಮತ್ತೆ ಬಿತ್ತಿದರು. ಇಷ್ಟಕ್ಕೆ ಸಾವಿರಾರು ವರ್ಷ ಹಿಡಿಯಿತು."

ಮೇಷ್ಟ್ರು ಸ್ವಲ್ಪ ತಡೆದರು.

"ಬಿತ್ತನೆಗೆ ಅಂತ ಒಂದು ಹಿಡಿ ಎತ್ತಿಟ್ಟ ಹೆಂಗಸು ಯಾರು? ಹಸಿವಾದ ಮಗು ಎದುರಿಗೇ ಕೂತಿರುತ್ತದೆ, ಆದರೂ ಆ ಹಿಡಿ ಮುಟ್ಟುವ ಹಾಗಿಲ್ಲ. ಅವಳು ಯಾವ ಶಿಬಿರಕ್ಕೂ ಹೋದವಳಲ್ಲ. ಗೋಧಿ, ಬಾರ್ಲಿ ದೂರದಿಂದ ಬಂದಾಗ ಬೇಡ ಅಂದವಳೂ ಅಲ್ಲ. ಅವೂ ಅದೇ ಗುಡ್ಡದ ಮಣ್ಣಿನಲ್ಲಿ ಸಿಕ್ಕಿವೆ."

"ಒಂದು ಸಲ ಹೋಗಿ ಆ ಗುಡ್ಡ ನೋಡಿಬರೋಣ್ವಾ?" ಶೀನಣ್ಣ ಮೆತ್ತಗೆ ಕೇಳಿದರು.

"ಬೇಗ ಹೊರಡಿ. ಗ್ರಾನೈಟ್ ಆಸೆಗೆ ಅಲ್ಲಿ ಕಲ್ಲು ಒಡೆದಿದ್ದಾರೆ. ಹೊಸದಾಗಿ ಅಡುಗೆಮನೆಗೆ ಕರಿಕಲ್ಲು ಹಾಕಿಸಿದ್ದೀರಲ್ಲ, ಎಲ್ಲಿಂದ ಬಂತೋ ವಿಚಾರಿಸಿ. ಈ ಮನೆಯಲ್ಲಿ ಮೂಲದ್ದು ಅಂತ ಇದ್ದರೆ ಅದೊಂದೇ ಇರಬೇಕು."

ಅಷ್ಟರಲ್ಲಿ ವಿಶಾಲಾಕ್ಷಮ್ಮ ತಟ್ಟೆ ತಂದು ಗಂಡನ ಮುಂದೆ ಕುಕ್ಕಿದರು. "ತಗೊಳ್ಳಿ. ಬೇಯಿಸಿದ ಹುರುಳಿ. ಉಪ್ಪು ಬಿಟ್ಟು ಬೇರೇನೂ ಹಾಕಿಲ್ಲ."

ಶೀನಣ್ಣ ಒಂದು ತುತ್ತು ಬಾಯಿಗಿಟ್ಟರು. ತುಂಬಾ ಹೊತ್ತು ಅಗಿದರು. "ನಮ್ಮೂರಲ್ಲಿ ಇದನ್ನು ಎತ್ತಿಗೆ ಇಡುತ್ತಿದ್ದೆವು."

"ಎತ್ತು ಗೊಣಗುತ್ತಿರಲಿಲ್ಲ."

"ಅಲ್ವೇ, ಚೂರು ಹುಣಸೆಹಣ್ಣಾದರೂ ಕಿವುಚಿ ಹಾಕೇ. ಹುಣಸೆ ನಮ್ಮದೇ. ಅಲ್ವಾ ಮೇಷ್ಟ್ರೇ?"

ಎಲ್ಲರೂ ಮೇಷ್ಟ್ರ ಮುಖ ನೋಡಿದರು.

"ಮೊದಲು ಕಿವುಚಿ ಹಾಕಲಿ" ಎಂದರು ಮೇಷ್ಟ್ರು. "ನೀವು ಉಂಡು ಕೈ ತೊಳೆದ ಮೇಲೆ ಹೇಳುತ್ತೇನೆ."